ಮಡಿವಾಳೆಪ್ಪನ ಹೆಸರು

"ಎಷ್ಟು ಹಾಳಾಗೇತ್ರಿ?" ಎಂದು ಬೆಳೆಹಾನಿ ಬರೆದುಕೊಳ್ಳಲು ಬಂದಿದ್ದ ಊರಿನ ತಲಾಠಿ ಉಮಾಶ್ರೀ ಮೊಬೈಲು ತೆರೆದು ಕೇಳಿದಾಗ ಮಡಿವಾಳೆಪ್ಪ ಬದುವಿನ ಮೇಲೆ ಎದೆ ಸೆಟೆಸಿ ನಿಂತ.

"ಏನಿಲ್ರಿ ಬಾಯಾರ, ಅಲ್ಲಲ್ಲಿ ಒಂಚೂರು. ನಮ್ಮ ಹೊಲ ಹಂಗೆಲ್ಲಾ ಹಾಳಾಗೂದಲ್ರಿ."

ಹಿಂದೆ ನಿಂತಿದ್ದ ಹೆಂಡತಿ ಸೋಮವ್ವ ಅವನ ಅಂಗಿ ಹಿಡಿದು ಜಗ್ಗಿದಳು.

ಚಚಡಿ ಊರಿನಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಸರಿಯಾಗಿ ಹಿಡಿದ ಮಳೆ ಹನ್ನೆರಡು ದಿನ ಬಿಟ್ಟಿರಲಿಲ್ಲ. ಗಿಡದಲ್ಲಿದ್ದ ಕಾಯಿಯೊಳಗೇ ಕಾಳು ಮೊಳೆತಿದ್ದವು. ಆದರೆ ಬೈಲಹೊಂಗಲದ ಮಾರುಕಟ್ಟೆಯಲ್ಲಿ ಮಡಿವಾಳೆಪ್ಪನ ಹೆಸರಿಗೆ ಮೂವತ್ತು ವರ್ಷದಿಂದ ಹೆಸರಿತ್ತು. ವಿಮೆ ಕಟ್ಟುವ ಕಡೇ ದಿನ ಸೋಮವ್ವ ನೆನಪು ಮಾಡಿದಾಗ, "ತನ್ನ ಬೆಳಿ ಮ್ಯಾಲೆ ನಂಬಿಕಿ ಇಲ್ಲದಾಂವ ಕಟ್ಟತಾನ" ಎಂದು ನಾಲ್ಕು ಜನರ ಮುಂದೆ ಹೇಳಿದ್ದ. ಈಗ ಉಳಿದದ್ದು ಸರಕಾರದ ಪರಿಹಾರ ಒಂದೇ. ಅದೂ ಇಲ್ಲವಾದರೆ ಹಿಂಗಾರಿಗೆ ಕಡಲೆ ಬೀಜ ತರುವುದಕ್ಕೂ ದಾರಿಯಿರಲಿಲ್ಲ.

ಉಮಾಶ್ರೀ ಒಂದು ಕಾಯಿ ಕಿತ್ತು ಬಿಡಿಸಿದಳು. ಬೆಳ್ಳಗಿನ ಬಾಲಗಳು ಹೊರಬಂದವು. "ಇವು ಮೊಳಕಿ ಒಡದಾವಲ್ರಿ?"

"ಒಡೀತಾವ್ರಿ, ಜೀವ ಇರೂ ಕಾಳು! ಆ ಹಜರತಸಾಬನ ಹೊಲದಾಗ ನೋಡ್ರಿ, ಮೊಳಕಿ ಒಡಿಯೂ ತಾಕತ್ತೂ ಇಲ್ಲ. ಸೀದಾ ಕೊಳತಾವ."

"ನೂರಕ್ಕ ಮೂವತ್ಮೂರಕ್ಕಿಂತ ಕಡಿಮಿ ಹಾಳಾಗಿದ್ರ ಪರಿಹಾರ ಬರಂಗಿಲ್ರಿ, ಯಜಮಾನ್ರ. ನಿಮ್ಮ ಮಾತು ಕೇಳಿದ್ರ ಇಪ್ಪತ್ತರ ಮ್ಯಾಲೆ ಹೋಗವಲ್ದು."

"ಇಪ್ಪತ್ತೂ ಜಾಸ್ತಿ ಆತ್ರಿ."

ಸೋಮವ್ವ ಹಣೆ ಬಡಿದುಕೊಂಡಳು. "ಇವರಿಗೆ ಕಣ್ಣು ಕಾಣಂಗಿಲ್ರಿ, ಬಾಯಾರ!"

"ಕಾಣತಾವ!"

ಅವಳು ಬದುವಿನ ಆಚೆ ಕೈ ಬೀಸಿದಳು. "ಹಜರತಸಾಬಣ್ಣಾರ, ಒಂಚೂರು ಇತ್ತಾಗ ಬರ್ರಿ!"

ಪಕ್ಕದ ಹೊಲದ ಹಜರತಸಾಬ ಕೆಸರು ತುಳಿಯುತ್ತ ಬಂದ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಅಂದಿನಿಂದ ಇಂದಿನವರೆಗೆ ಯಾರ ಬೆಳೆ ಮೇಲು ಎಂಬ ವಾದ ನಿಂತಿರಲಿಲ್ಲ. ಹಜರತಸಾಬ ಸೋಮವ್ವನ ಮುಖ ನೋಡಿದ, ಹೊಲ ನೋಡಿದ.

"ನನಗ ಎಪ್ಪತ್ತು ಬರದೀರಿ, ಬಾಯಾರ. ಇಂವಂದು ನಂದಕಿಂತ ಕಡೆ ಆಗೇತಿ."

"ಏನಂದಿ?" ಮಡಿವಾಳೆಪ್ಪನ ಮೀಸೆ ಅದುರಿತು. "ನಿನ್ನ ಹೊಲಕಿಂತ ಕಡೆ? ನಿಂದರ್ರಿ ಬಾಯಾರ, ಚಲೋ ಕಾಯಿ ಒಂದು ಬೊಗಸಿ ತಂದು ತೋರಸ್ತೇನಿ!"

ಧೋತರ ಎತ್ತಿ ಕಟ್ಟಿ ಹೊಲಕ್ಕೆ ಇಳಿದೇಬಿಟ್ಟ. ಎರೆ ಮಣ್ಣು ಮೊಣಕಾಲವರೆಗೆ ನುಂಗಿತು. ಒಂದು ಚಪ್ಪಲಿ ಒಳಗೇ ಉಳಿಯಿತು. ಹಜರತಸಾಬ ಜೋರಾಗಿ ನಕ್ಕ. ಮಡಿವಾಳೆಪ್ಪ ಮೊದಲ ಸಾಲು ನೋಡಿದ, ಎರಡನೆಯದು ನೋಡಿದ. ಬಗ್ಗಿ, ಗಿಡ ಸರಿಸಿ, ಕಾಯಿ ಒತ್ತಿ ನೋಡುತ್ತ ಹೊಲದ ನಡುವಿನವರೆಗೂ ಹೋದ. ಹಜರತಸಾಬನ ನಗು ಯಾವಾಗಲೋ ನಿಂತಿತ್ತು. ಉಮಾಶ್ರೀ ಮೊಬೈಲು ಕೆಳಗಿಳಿಸಿದಳು.

ಅವನು ತಿರುಗಿ ಬಂದಾಗ ಅಂಗೈಯಲ್ಲಿ ಏಳು ಕಾಯಿಗಳಿದ್ದವು.

"ಎಷ್ಟು ಬರೀಲ್ರಿ?" ಉಮಾಶ್ರೀ ಮೆಲ್ಲಗೆ ಕೇಳಿದಳು.

ಮಡಿವಾಳೆಪ್ಪ ಗಂಟಲು ಸರಿಮಾಡಿಕೊಂಡ. "ಇಂವಗ ಎಪ್ಪತ್ತು ಬರದೀರಿ, ಹೌದಲ್ರಿ?"

"ಹೌದ್ರಿ."

"ಹಂಗಾರ ನನಗ ಎಂಬತ್ತು ಬರೀರಿ. ನಮ್ಮ ಹೊಲದಾಗ ಮಳಿನೂ ಜೋರ ಆಗೇತಿ."

ಸೋಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೈತ ಬೆಳೆಯೊಳಗೆ ನಿಂತ ಫೋಟೋ ಬೇಕೆಂದು ಉಮಾಶ್ರೀ ಹೇಳಿದಳು.

"ಇವನ್ನ ಹಿಡೀಪಾ" ಎಂದು ಮಡಿವಾಳೆಪ್ಪ ಕಾಯಿಗಳನ್ನು ಹಜರತಸಾಬನಿಗೆ ಕೊಟ್ಟು ಮತ್ತೆ ಕೆಸರಿಗಿಳಿದ. ತಲೆಗೆ ಸುತ್ತಿದ ಪಟಕಾ ಸರಿಮಾಡಿಕೊಂಡ, ಮೀಸೆ ತೀಡಿದ.

"ರೀ, ಮಾರಿ ಒಂಚೂರು ಸಣ್ಣ ಮಾಡ್ರಿ!" ಸೋಮವ್ವ ಕೂಗಿದಳು.

ಅವನು ಮಾಡಲಿಲ್ಲ. ಅಷ್ಟರಲ್ಲಿ ಮತ್ತೆ ಹನಿ ಶುರುವಾಯಿತು. ಹಜರತಸಾಬ ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಕೈಯಲ್ಲಿದ್ದ ಏಳೂ ಕಾಯಿಗಳ ಮೇಲೆ ಮುಚ್ಚಿ ಹಿಡಿದು ನಿಂತ.