ಚಿತ್ತಿಲ್ಲದ ಪುಸ್ತಕ

ಕಾಲೇಜಿನಲ್ಲಿ ವಿಜ್ಞಾನ ಓದುವ ಬಡವರ ಮಗಳನ್ನು ಕಂಡಾಗ, ಕೆಲಸಕ್ಕೆ ಸೇರುವುದು ಯಾವಾಗ ಎಂಬುದನ್ನು ಬಿಟ್ಟು ಬೇರೇನನ್ನಾದರೂ ನೀವು ಎಂದಾದರೂ ಕೇಳಿದ್ದೀರಾ?

ಒಬ್ಬ ದರ್ಜಿಯ ಮಗಳನ್ನು ಯಾರೂ ಕೇಳಿರಲಿಲ್ಲ. ಮನೆಯವರಿಗೆ ಅವಳು ಗುಬ್ಬಿ. ಪದವಿಯ ಎರಡನೆಯ ವರ್ಷದಲ್ಲಿ ಕಾಲೇಜು ಅವಳನ್ನು ಒಂದು ತರಬೇತಿಗೆ ಆರಿಸಿತು. ವಂಶದಲ್ಲಿ ಯಾರೂ ಅಷ್ಟು ದೂರ ಓದಿರದ ಮಕ್ಕಳನ್ನು, ರೋಗಗಳ ಮೂಲ ಹುಡುಕುವ ಡಾಕ್ಟರೇಟ್ ಅಧ್ಯಯನಕ್ಕೆ ಎರಡು ವರ್ಷ ಮೊದಲೇ ಅಣಿಗೊಳಿಸುವ ತರಬೇತಿ ಅದು.

ಅವಳಿಗೆ ಸಿಕ್ಕ ಮೊದಲ ಕೆಲಸ ಮೀನಿನ ಮೊಟ್ಟೆ ನೋಡುವುದು. ಸಾಸಿವೆಯಷ್ಟು ಗಾತ್ರ, ಗಾಜಿನಂಥ ಮೈ. ಸೂಕ್ಷ್ಮದರ್ಶಕದ ಕೆಳಗೆ, ಅದರೊಳಗೆ ಎರಡು ದಿನದ ಹೃದಯವೊಂದು ಮಿಡಿಯುತ್ತಿತ್ತು. ಕಣ್ಣಿಟ್ಟ ಮೊದಲ ಮಧ್ಯಾಹ್ನವೇ ಕೋಣೆಯ ಗೋಡೆಗಳು ಕರಗಿ, ತಾನೂ ಆ ಬೆಳಗುವ ನೀರಿನಲ್ಲಿ ತೇಲುತ್ತಿದ್ದೇನೆ ಎನಿಸಿತು ಗುಬ್ಬಿಗೆ. ಮನೆಗೆ ಬಂದರೆ ಅಪ್ಪನ ಹೊಲಿಗೆ ಯಂತ್ರದ ಸದ್ದಿನಲ್ಲೂ ಅದೇ ಮಿಡಿತ. ಊಟದ ನಡುವೆ ಕೈ ನಿಂತುಹೋಗುತ್ತಿತ್ತು.

"ಮೀನಿನ ಎದೆಬಡಿತ ಎಣಿಸೋ ಡಾಕ್ಟರಮ್ಮ, ತಟ್ಟೆ ಕಡೆ ಸ್ವಲ್ಪ ನೋಡಮ್ಮ," ಎಂದು ಅಪ್ಪ ಚುಡಾಯಿಸುತ್ತಿದ್ದರು.

ಮೂರನೆಯ ತಿಂಗಳು ಗುಬ್ಬಿ ಪ್ರಯೋಗಾಲಯಕ್ಕೆ ಹೋಗುವುದನ್ನೇ ಬಿಟ್ಟಳು. ಕಾರಣವನ್ನು ಅವಳು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಅವರು ಔಷಧಿ ಅಂಗಡಿಯವರೊಂದಿಗೆ ಮಾತನಾಡಿ ಬಂದರು, ಸೋಮವಾರದಿಂದ ಅವಳಿಗೆ ಅಲ್ಲಿ ಕೆಲಸ.

ಶನಿವಾರ ದರ್ಜಿಯ ಅಂಗಡಿಗೆ ಒಬ್ಬ ಯುವತಿ ಬಂದಳು. ಪ್ರಯೋಗಾಲಯದಲ್ಲಿ ಗುಬ್ಬಿಗೆ ಕಲಿಸುತ್ತಿದ್ದ ಹಿರಿಯ ವಿದ್ಯಾರ್ಥಿನಿ. ಎಲ್ಲರಿಗೂ ಅವಳು ಅಕ್ಕ.

"ಬಾಮ್ಮ. ಅಳತೆ ತಗೋಬೇಕಾ?"

"ಇಲ್ಲ ಯಜಮಾನ್ರೇ, ನಿಮ್ಮ ಮಗಳನ್ನ ಕರ್ಕೊಂಡು ಹೋಗಕ್ಕೆ ಬಂದೆ. ಇವತ್ತು ಬರ್ಲಿಲ್ಲ ಅಂದ್ರೆ ಅವಳ ಜಾಗ ಬೇರೆಯವ್ರಿಗೆ ಹೋಗುತ್ತೆ."

"ಹೋಗ್ಲಿ ಬಿಡು. ಡಾಕ್ಟರು ಅಂತೀರಿ, ಜ್ವರಕ್ಕೊಂದು ಮಾತ್ರೆ ಬರ್ಕೊಡಕ್ಕೆ ಬರಲ್ಲ."

"ಆ ಮಾತ್ರೆಯಲ್ಲಿ ಏನಿರ್ಬೇಕು ಅಂತ ಯಾರಾದ್ರೂ ಮೊದ್ಲು ಹುಡುಕ್ಬೇಕಲ್ವಾ? ಅದೇ ಈ ಓದು. ಓದೋವಾಗ್ಲೇ ನಮಗೆ ತಿಂಗಳ ವೇತನ ಕೊಡ್ತಾರೆ. ನಮ್ಮಪ್ಪ ಬಸ್ ಓಡಿಸ್ತಾರೆ. ನಾನೂ ಇದೇ ತರಬೇತಿಯಿಂದ ಬಂದವಳು."

"ನಿನಗೆ ತಲೆ ಇತ್ತು, ಬಂತು. ಇವಳ ಕೈಲಿ ಆಗಲ್ಲ ಅಂತ ಇವಳೇ ಬಿಟ್ಟಿದಾಳೆ."

ಗುಂಡಿ ಹೊಲಿಯುತ್ತಿದ್ದ ಗುಬ್ಬಿ ತಲೆಯೆತ್ತಲಿಲ್ಲ. "ನಾನು ಸುಳ್ಳು ಬರ್ದಿದೀನಪ್ಪ."

ಯಂತ್ರ ನಿಂತಿತು.

ಒಂದು ದಿನ ಮೀನಿನ ಮರಿಯ ಎದೆಬಡಿತ ಅವಳ ಎಣಿಕೆಗೆ ನಿಮಿಷಕ್ಕೆ ತೊಂಬತ್ತು ಬಂದಿತ್ತು. ಉಳಿದವರದ್ದೆಲ್ಲ ನೂರಿಪ್ಪತ್ತರ ಮೇಲೆ. ಹೆದರಿ ಆ ಪುಟವನ್ನೇ ಹರಿದು, ಹೊಸ ಪುಟದಲ್ಲಿ ದುಂಡಗೆ ನೂರಿಪ್ಪತ್ತು ಎಂದು ಬರೆದಳು. ಅವಳ ಪ್ರಯೋಗದ ಪುಸ್ತಕದಲ್ಲಿ ಒಂದೂ ಚಿತ್ತಿರಲಿಲ್ಲ. "ತಪ್ಪು ಹೊಡೆದು ಹಾಕಿರೋ ಪುಟ ಎಲ್ಲಿ?" ಎಂದು ಅಕ್ಕ ಕೇಳಿದ್ದೇ, ಸಿಕ್ಕಿಬಿದ್ದೆನೆಂದು ಮನೆ ಸೇರಿದ್ದಳು.

"ಅವತ್ತು ನೀರು ತಣ್ಣಗಿತ್ತೋ, ಮರಿಗೇನಾದ್ರೂ ಆಗಿತ್ತೋ, ನೀನೇ ತಪ್ಪಾಗಿ ಎಣಿಸಿದ್ಯೋ, ಇನ್ನು ಯಾರಿಗೂ ಗೊತ್ತಾಗಲ್ಲ," ಎಂದಳು ಅಕ್ಕ. "ಸುಳ್ಳು ಬರ್ದಿದ್ದು ತಪ್ಪೇ. ಆದ್ರೆ ತಪ್ಪನ್ನ ಜೋಪಾನ ಮಾಡೋದು ಹೇಗೆ ಅಂತ ನಿನಗೆ ಯಾರೂ ಕಲಿಸಿಲ್ಲ. ಅದನ್ನ ಕಲಿಸಕ್ಕೇ ಈ ತರಬೇತಿ."

ಯಾರು ಕಲಿಸಬೇಕಿತ್ತು? ಚಿತ್ತಿಲ್ಲದ ಪುಟಕ್ಕೆ ಅಂಕ ಕೊಟ್ಟು, ಚಿತ್ತು ಮಾಡಿದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನಾವು. ಓದಿದವರ ಮನೆಯ ಮಕ್ಕಳು ಸೋತ ಪ್ರಯೋಗಗಳ ಕಥೆ ಕೇಳುತ್ತಲೇ ಬೆಳೆಯುತ್ತಾರೆ. ದರ್ಜಿಯ ಮಗಳು ಮಾತ್ರ ಒಂದೇ ತಪ್ಪಿಗೆ, ತಾನು ಆ ಕೋಣೆಗೆ ಸಲ್ಲದವಳೆಂದು ತೀರ್ಮಾನಿಸಿಕೊಳ್ಳುತ್ತಾಳೆ. ಇದು ಅವಳ ದಡ್ಡತನವಲ್ಲ, ನಮ್ಮ ಅನ್ಯಾಯ.

ದರ್ಜಿ ಎದ್ದು, ಎಣ್ಣೆಗಪ್ಪು ಹಿಡಿದ ಅಳತೆ ಪುಸ್ತಕವನ್ನು ಮಗಳ ಮಡಿಲಲ್ಲಿ ಬಿಚ್ಚಿಟ್ಟರು.

"ನಿಮ್ಮ ಹೆಡ್‌ಮೇಷ್ಟ್ರ ಸೊಂಟ ನೋಡು. ಮೂವತ್ತೆರಡು, ಮೂವತ್ನಾಲ್ಕು, ಮೂವತ್ತಾರು. ಯಾವುದನ್ನಾದ್ರೂ ಅಳಿಸಿದೀನಾ? ಹಳೇದರ ಮೇಲೆ ಒಂದೇ ಗೆರೆ. ಹಳೇದು ಕಂಡ್ರೇನೇ ಮೈ ಯಾವ ಕಡೆ ಹೋಗ್ತಿದೆ ಅಂತ ತಿಳಿಯೋದು. ಮಧ್ಯದಲ್ಲಿ ಇಪ್ಪತ್ತಾರು ಅಂತ ಬರ್ದು ಒಂದು ಪ್ಯಾಂಟೇ ಹಾಳು ಮಾಡಿದೆ. ಅದೂ ಇದೆ. ಇಷ್ಟು ವರ್ಷ ಇದರ ಪಕ್ಕದಲ್ಲೇ ಕೂತು ಗುಂಡಿ ಹಾಕ್ತೀಯಲ್ಲೇ, ಒಂದಿನ ತೆಗೆದು ನೋಡಿಲ್ವಾ?"

ಅಕ್ಕ ನಕ್ಕಳು. "ನಮ್ಮಲ್ಲೂ ಹೀಗೇ ಯಜಮಾನ್ರೇ. ಒಂದು ಗೆರೆ, ಪಕ್ಕದಲ್ಲಿ ತಾರೀಖು, ಸಹಿ."

"ಹಂಗಾದ್ರೆ ನಾನೂ ಅರ್ಧ ಡಾಕ್ಟರೇ ಅನ್ನು."

ಹಾಡುಹಗಲಲ್ಲೇ ಅಂಗಡಿಯ ಬಾಗಿಲೆಳೆದು ಮೂವರೂ ಹೊರಟರು. ಪ್ರಯೋಗಾಲಯದಲ್ಲಿ ಗುಬ್ಬಿ ನೂರಿಪ್ಪತ್ತರ ಮೇಲೆ ಒಂದು ಗೆರೆ ಎಳೆದು ಬರೆದಳು: "ಎಣಿಸಿದ್ದು ತೊಂಬತ್ತು. ಪುಟ ಹರಿದವಳು ನಾನು." ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದಳು.

ಅಪ್ಪ ಸೂಕ್ಷ್ಮದರ್ಶಕಕ್ಕೆ ಬಗ್ಗಿದವರು ಮೇಲೇಳಲೇ ಇಲ್ಲ. ತಿಳಿ ಬೆಳಕಿನ ನಡುವೆ ಕೆಂಪು ಚುಕ್ಕೆಯೊಂದು ತೆರೆಯುತ್ತ ಮುಚ್ಚುತ್ತ ಇತ್ತು. ಆ ಮಧ್ಯಾಹ್ನಕ್ಕೆ ಕೊನೆಯೇ ಇಲ್ಲವೇನೋ ಎಂಬಂತೆ ಅವರು ಎಣಿಸಿದರು. ಆಮೇಲೆ ಅದೇ ಮರಿಯನ್ನು ಮಗಳು ಎಣಿಸಿದಳು. ಅಪ್ಪನದು ನೂರ ಇಪ್ಪತ್ತಾರು, ಮಗಳದು ನೂರ ಮೂವತ್ತು.

"ಯಾವುದು ಸರಿ?"

"ಗೊತ್ತಿಲ್ಲಪ್ಪ."

"ಎರಡೂ ಬರ್ದಿಡು. ಔಷಧಿ ಅಂಗಡಿಯವ್ರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ನಾನು ಹೇಳ್ತೀನಿ."

ಓದುಗರೇ, ಇಂಥ ಮಕ್ಕಳ ಜೊತೆ ಈ ವಾರವೇ ಕಾಲೇಜಿಗೆ ಹೋಗಿ. ಸಂಶೋಧನೆಗೆ ಸಿದ್ಧಗೊಳಿಸುವ ತರಬೇತಿ ಎಲ್ಲಿದೆ, ಅರ್ಜಿಗೆ ಕೊನೆಯ ದಿನ ಯಾವುದು ಎಂದು ವಿಚಾರಿಸಿ. ಇಲ್ಲವೆಂದರೆ, ಏಕಿಲ್ಲ ಎಂದು ಬರಹದಲ್ಲಿ ಕೇಳಿ, ಉತ್ತರ ಬರುವವರೆಗೆ ಬಿಡಬೇಡಿ. ಮಗು ಮೊದಲ ಸಲ ಸೋತು ಮನೆಗೆ ಬಂದ ದಿನ, ದಯವಿಟ್ಟು ಅದರ ಕೈ ಹಿಡಿದು ಮರಳಿ ಆ ಬಾಗಿಲವರೆಗೆ ನಡೆಯಿರಿ.