ಅಫ್ಕೆಯ ಕೊರಳಪಟ್ಟಿ

ನಮ್ಮ ಕೊಟ್ಟಿಗೆಯಲ್ಲಿ ಹಸುಗಳು ಕಡಿಮೆಯಾದಷ್ಟೂ ಹಾಲು ಹೆಚ್ಚುತ್ತಿದೆ. ಇದೆಂಥ ಲೆಕ್ಕ ಎಂದು ಯಾರಾದರೂ ನನಗೆ ಬಿಡಿಸಿ ಹೇಳಿದರೆ ಅವರಿಗೆ ಇಡೀ ಒಂದು ಉಂಡೆ ಚೀಸ್ ಕೊಡುತ್ತೇನೆ. ಮಗಳು ಮಾರಿತ್ ಹೇಳಲು ನೋಡಿದಳು. ತಳಿ ಅಂದಳು, ಮೇವು ಅಂದಳು, ಹಾಲು ಕರೆಯುವ ರೋಬೋಟ್ ಅಂದಳು. ಕೇಳಿ ಕೇಳಿ ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಗೊಬ್ಬರ ಅಂದರೆ ನೆನಪಾಯಿತು, ನಮ್ಮ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಈಗ ಎಲ್ಲ ಜಗಳವೂ ಅದರದ್ದೇ. ಸಗಣಿ ಹೆಚ್ಚಾಗಿ ನೆಲ, ನೀರು ಕೆಡುತ್ತಿದೆ, ದನ ಇಳಿಸಿ ಎನ್ನುತ್ತದೆ ಸರ್ಕಾರ. ನಾವೂ ವರ್ಷವರ್ಷ ಇಳಿಸುತ್ತಲೇ ಬಂದಿದ್ದೇವೆ. ಈ ವಸಂತದಲ್ಲಿ ಇನ್ನೊಂದು ಕಸಾಯಿಖಾನೆಗೆ ಹೋಗಬೇಕಿತ್ತು.

ಯಾವುದು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ದೊಡ್ಡ ಅಫ್ಕೆಗೆ ವಯಸ್ಸಾಗಿತ್ತು. ನನ್ನ ಗಂಡ ಯೆಲ್ಲೆ ಸಾಯುವ ಮುಂಚೆ ತನ್ನ ಕೈಯಾರೆ ಎಳೆದು ಹೆರಿಗೆ ಮಾಡಿಸಿದ ಕೊನೆಯ ಕರು ಅದು. ನನ್ನ ಮರದ ಮೆಟ್ಟಿನ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ತಲೆಯೆತ್ತಿ ನನ್ನ ಹಿಂದೆಯೇ ಬರುತ್ತಿತ್ತು. ಅದರ ಮಗಳಿಗೂ ಅಫ್ಕೆ ಎಂದೇ ಹೆಸರು, ನಮ್ಮಲ್ಲಿ ತಾಯಿ ಹಸುವಿನ ಹೆಸರೇ ಮಗಳಿಗೂ ಬರುತ್ತದೆ. ಎರಡೂ ಕಪ್ಪು, ಎರಡರ ಹಣೆಯಲ್ಲೂ ಒಂದೇ ಥರದ ಬಿಳಿ ಮಚ್ಚೆ. ದೂರದಿಂದ ನೋಡಿದರೆ ಮಾರಿತ್‌ಗೂ ಗುರುತು ಸಿಗುವುದಿಲ್ಲ. ರೋಬೋಟಿಗಂತೂ ಹಸುವಿನ ಮುಖವೇ ಬೇಡ. ಕೊರಳಪಟ್ಟಿಯಲ್ಲಿರುವ ಬಿಲ್ಲೆಯನ್ನು ಓದಿಯೇ ಅದು ಯಾವ ಹಸು, ಅದರ ತೊಟ್ಟುಗಳು ಎಲ್ಲಿವೆ, ಎಷ್ಟು ಹಾಲು ಎಂದು ಬರೆದುಕೊಳ್ಳುತ್ತದೆ.

ಏಪ್ರಿಲ್‌ನಲ್ಲಿ ಹಸುಗಳ ಕುಣಿತ ಆಯಿತು. ಚಳಿಗಾಲವೆಲ್ಲ ಒಳಗಿದ್ದ ಹಸುಗಳು ಹುಲ್ಲು ಕಂಡೊಡನೆ ನೆಗೆದು ಕುಣಿಯುವುದನ್ನು ನೋಡಲು ಊರಿಗೆ ಊರೇ ಬಂದಿತ್ತು. ನಾನು ಕಾಫಿ, ಕೇಕು ಹಂಚುತ್ತಿದ್ದೆ. ಅಳಿಯ ರೈಂಡರ್ ಎಂದಿನಂತೆ ಎರಡೂ ಅಫ್ಕೆಗಳ ಪಟ್ಟಿ ಬಿಚ್ಚಿ ಹೂವಿನ ಹಾರ ಹಾಕಿದ. ನಾನು ಮುಂದೆ ನಡೆದೆ, ದೊಡ್ಡ ಅಫ್ಕೆ ನನ್ನ ಹಿಂದೆ ಬಂದಿತು, ಉಳಿದವೆಲ್ಲ ಅದರ ಹಿಂದೆ ನುಗ್ಗಿದವು.

ಆ ಕುಣಿತದ ಮಾರನೆಯ ದಿನದಿಂದ ರೋಬೋಟಿಗೆ ಏನೋ ಆಯಿತು. ಬೇರೆ ಹಸುಗಳಿಗೆಲ್ಲ ಸರಿಯಾಗಿ ಕೈ ಹಾಕುತ್ತಿದ್ದದ್ದು ಇವೆರಡು ಬಂದರೆ ಮಾತ್ರ ಕತ್ತಲಲ್ಲಿ ಕನ್ನಡಕ ಹುಡುಕುವ ಮುದುಕನ ಹಾಗೆ ಕೆಚ್ಚಲ ಕೆಳಗೆಲ್ಲ ತಡಕಾಡುತ್ತಿತ್ತು. ರಿಪೇರಿಯವನು ಬಂದು ನೋಡಿ, ಎರಡು ಕಪ್ ಕಾಫಿ ಕುಡಿದು, "ಮಷೀನ್ ಚೆನ್ನಾಗೇ ಇದೆಯಲ್ಲ" ಎಂದು ಹೊರಟುಹೋದ. ಸ್ವಲ್ಪ ದಿನದಲ್ಲಿ ಅದು ತಾನಾಗಿಯೇ ಸರಿಹೋಯಿತು.

ಒಂದು ದಿನ ಊಟದ ಹೊತ್ತಿಗೆ ಮಾರಿತ್ ಫೋನಿನಲ್ಲಿ ರೋಬೋಟಿನ ಲೆಕ್ಕ ನೋಡುತ್ತಾ ಹುಬ್ಬು ಗಂಟಿಕ್ಕಿದಳು.

"ಅಮ್ಮ, ನಿನ್ನ ಮುದುಕಿಗೆ ಏನು ತಿನ್ನಿಸ್ತಿದೀಯ? ಮಗಳಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಾಲು ಕೊಟ್ಟಿದೆ."

"ನಾನೇನು ತಿನ್ನಿಸ್ಲಿ. ಹಳೇ ಕಾಲದ ಜೀವ ಕಣೇ ಅದು, ಗಟ್ಟಿ. ನಿಮ್ಮ ಹೊಸ ತಳಿ ಎಲ್ಲ ಬರೀ ಬಿಲ್ಡಪ್ಪು."

"ಹಾಗಾದ್ರೆ ಚಿಕ್ಕದೇ ಹೋಗ್ಬೇಕು. ನಂಗಂತೂ ತಲೆಬುಡ ಅರ್ಥ ಆಗ್ತಿಲ್ಲ."

ನನಗೂ ಆಗಲಿಲ್ಲ. ಆದರೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಚಿಕ್ಕ ಅಫ್ಕೆ ಪಾಪ ಎನಿಸಿದರೂ, ನಾನು ಸುಳ್ಳು ಹೇಳುವುದಿಲ್ಲ, ಅಂದು ಎರಡು ಸಲ ಆಲೂಗಡ್ಡೆ ಬಡಿಸಿಕೊಂಡು ತಿಂದೆ. ರೈಂಡರ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಅವನು ಮಾತಾಡುವುದೇ ಕಡಿಮೆ.

ಲಾರಿ ಬರುವ ದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದವಳು ನಿಂತಲ್ಲೇ ನಿಂತೆ. ಕಳಿಸುವ ಹಸುವನ್ನು ನಾವು ಹಿಡಿದು ತರುವುದಿಲ್ಲ. ಹಿಂದಿನ ದಿನ ಫೋನಿನಲ್ಲಿ ಒತ್ತಿಬಿಟ್ಟರೆ, ಅದು ಹಾಲು ಕೊಟ್ಟು ಹೊರಬರುವಾಗ ಗೇಟು ತಾನಾಗಿ ತಿರುಗಿ ಬೇರೆ ದೊಡ್ಡಿಗೆ ತಳ್ಳುತ್ತದೆ. ಆ ದೊಡ್ಡಿಯಲ್ಲಿ ನಿಂತಿದ್ದದ್ದು ದೊಡ್ಡ ಅಫ್ಕೆ. ನನ್ನ ಮೆಟ್ಟಿನ ಸದ್ದಿಗೆ ತಲೆಯೆತ್ತಿ ಕಂಬಿಗೆ ಮೂಗು ಒತ್ತಿತು.

ಅಷ್ಟರಲ್ಲಿ ಲಾರಿಯ ಹಾರ್ಮೆನ್ ಬಂದ. ಹತ್ತಾರು ವರ್ಷದ ಪರಿಚಯ. ಕಿವಿಯ ಹಳದಿ ಬಿಲ್ಲೆ ನೋಡಿ, ಫೋನು ನೋಡಿ, ಮತ್ತೆ ಕಿವಿ ನೋಡಿದ.

"ಹಿಸ್ಕಕ್ಕ, ಇದು ಆ ಹಸು ಅಲ್ಲ. ನೀವು ಬರೆಸಿರೋದು ಬೇರೆ ನಂಬರು."

ಮಾರಿತ್ ಓಡಿ ಬಂದಳು. "ಗೇಟಿಗೆ ಏನು ಬಂತು ರೋಗ? ಚಿಕ್ಕದನ್ನ ತಾನೇ ಒತ್ತಿದ್ದು. ಇರು ಹಾರ್ಮೆನ್, ಅದನ್ನ ಹಿಡ್ಕೊಂಡು ಬರ್ತೀನಿ."

ಆಗ ನನಗೆ ಹೊಳೆಯಿತು. ಗೇಟೂ ಪಟ್ಟಿಯನ್ನೇ ಓದುತ್ತದೆ. ರೋಬೋಟು ತಡಕಾಡಿದ್ದೂ ಅದಕ್ಕೇ, ಮುದುಕಿಯ ಹೆಸರಿಗೆ ಅಷ್ಟು ಹಾಲು ಬಿದ್ದದ್ದೂ ಅದಕ್ಕೇ. ತಾಯಿಯ ಪಟ್ಟಿ ಮಗಳ ಕೊರಳಲ್ಲಿತ್ತು, ಮಗಳದು ತಾಯಿಯ ಕೊರಳಲ್ಲಿ. ನಾನು ರೈಂಡರ್ ಕಡೆ ನೋಡಿದೆ. ಬಾಗಿಲ ಬಳಿ ನಿಂತಿದ್ದವನ ಮುಖ ಬಿಳಿಚಿಕೊಂಡಿತ್ತು.

"ಅದಲುಬದಲಾಗಿದ್ದಾ, ನೀನೇ ಮಾಡಿದ್ದಾ?" ಎಂದು ಮೆಲ್ಲಗೆ ಕೇಳಿದೆ.

"ನಿಮ್ಗೋಸ್ಕರ ಅತ್ತೆ," ಅಂದ. "ಹಾಲು ಜಾಸ್ತಿ ಅಂತ ತೋರಿಸಿದ್ರೆ ಮಾರಿತ್ ಅದನ್ನ ಬಿಟ್ಟುಬಿಡ್ತಾಳೆ ಅನ್ಕೊಂಡೆ. ಗೇಟಿನ ವಿಷಯ ತಲೆಗೇ ಬರ್ಲಿಲ್ಲ. ಇಲ್ಲೇ ಬಂದು ನಿಲ್ಲತ್ತೆ ಅಂತ ಯಾರಿಗೆ ಗೊತ್ತಿತ್ತು."

ಮದುವೆಯಾದಾಗಿನಿಂದ ಅವನನ್ನು ಪೆದ್ದ ಎಂದೇ ಆಡಿಕೊಂಡವಳು ನಾನು. ಅವನ ಮೇಲೆ ಸಿಟ್ಟೂ ಬಂತು, ಅವನನ್ನು ತಬ್ಬಿಕೊಂಡು ಅಳಬೇಕು ಎಂದೂ ಅನಿಸಿತು. ಅತ್ತ ಮಾರಿತ್ ಚಿಕ್ಕ ಅಫ್ಕೆಯನ್ನು ಎಳೆದು ತರುತ್ತಿದ್ದಳು. ತುಂಬಿದ ಕೆಚ್ಚಲು, ಕಡುಗಪ್ಪು ಮೈ, ಇನ್ನೂ ಎಷ್ಟೋ ಕರು ಹಾಕಬೇಕಾದ ಹಸು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಮುದುಕಿ ಉಳಿಯುತ್ತಿತ್ತು. ಮುಚ್ಚಿಕೊಂಡೇ ಇದ್ದೆ, ಹಾರ್ಮೆನ್ ಅದರ ಕಿವಿ ಹಿಡಿಯುವವರೆಗೂ. ಯೆಲ್ಲೆ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿದೆ.

"ಬಿಡೇ ಅದನ್ನ," ಅಂದೆ. "ಪಟ್ಟಿ ಅದಲುಬದಲಾಗಿದೆ. ಹಾಲು ಕೊಡ್ತಿರೋದು ಇದು. ಮುದುಕಿ ಅಲ್ಲ."

ಮಾರಿತ್ ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. "ಅಮ್ಮ, ನೀನು ಒಳಗೆ ಹೋಗು," ಅಂದಳು. ಹಾರ್ಮೆನ್ ಫೋನಿನಲ್ಲಿ ನಂಬರು ತಿದ್ದಿಕೊಂಡ.

ದೊಡ್ಡ ಅಫ್ಕೆ ಲಾರಿ ಹತ್ತಲಿಲ್ಲ. ಹತ್ತಲು ಇಟ್ಟ ಹಲಗೆಯ ಮುಂದೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಹಾರ್ಮೆನ್ ಹಿಂದಿನಿಂದ ನೂಕಿದ, ರೈಂಡರ್ ಮುಂದಿನಿಂದ ಎಳೆದ. ಹೆದರಿಕೆಗೆ ಅದರ ಕಣ್ಣಿನ ಬಿಳಿ ಕಾಣತೊಡಗಿತು. ನನಗೆ ನೋಡಲಾಗಲಿಲ್ಲ. "ಸರೀರಿ," ಎಂದು ಅವರನ್ನು ಪಕ್ಕಕ್ಕೆ ಕಳಿಸಿ ಹಲಗೆಯ ಮೇಲೆ ನಾನೇ ಹತ್ತಿದೆ. ಮರದ ಮೆಟ್ಟು ಟಕ್ ಟಕ್ ಎಂದಿತು. ಅಫ್ಕೆ ತಲೆಯೆತ್ತಿ, ಹುಲ್ಲಿಗೆ ಹೊರಟಂತೆ, ನನ್ನ ಹಿಂದೆಯೇ ಬಂದಿತು. ಒಳಗೆ ಅದರ ಹಣೆ ಸವರಿ ಪಕ್ಕದ ಸಣ್ಣ ಬಾಗಿಲಿನಿಂದ ಇಳಿದುಬಿಟ್ಟೆ.

ಮಾರನೆಯ ದಿನ ಹಾಲಿನ ಟ್ಯಾಂಕರ್ ಬಂದಿತು. ಎಷ್ಟಾಗಿದೆ ಎಂದು ಮಾರಿತ್‌ಳನ್ನು ಕೇಳಿದೆ. ಅವಳು ಹೇಳಲು ಹಿಂಜರಿದಳು.

"ಹಿಂದಿನ ಸಲಕ್ಕಿಂತ ಸ್ವಲ್ಪ ಜಾಸ್ತಿನೇ ಇದೆ ಅಮ್ಮ."

ನಾನು ಆ ಟಕ್ ಟಕ್ ಕೇಳದಿರಲೆಂದು ಮೆಟ್ಟು ಕೈಯಲ್ಲಿ ಹಿಡಿದುಕೊಂಡು ಕಾಲುಚೀಲದಲ್ಲೇ ಮನೆಗೆ ನಡೆದೆ.