ನಡುವಿನ ಕಿತ್ತಳೆ ಪಟ್ಟಿ

ಕಿತ್ತಳೆ ಪಟ್ಟಿ ಮತ್ತೆ ಬಂತು, ಮೌಸ್ ಇಟ್ಟರೆ ಬರುತ್ತದೆ, ತೆಗೆದರೆ ಹೋಗುತ್ತದೆ, ವೆಬ್ ಪುಟದಲ್ಲಿ ನನ್ನ ಬಾಕ್ಸಿನ ಕೆಳಗೆ ನಾನು ಬಿಟ್ಟ ಜಾಗ, ಬ್ರೌಸರ್ ಅದಕ್ಕೆ ಈ ಬಣ್ಣ ಬಳಿಯುತ್ತದೆ — ಅಕ್ಷರದ ಸುತ್ತ ಪ್ಯಾಡಿಂಗ್, ಆಮೇಲೆ ಬಾರ್ಡರ್, ಗೆರೆಯಾಚೆ ಮಾರ್ಜಿನ್, ಅಂಗಳ, ಬೇಲಿ, ಬೇಲಿಯಾಚೆ ಬದು, ಇಷ್ಟೇ ತಾನೆ, ಇಷ್ಟೂ ಗೊತ್ತಿಲ್ಲದೆ ಬಂದವಳಾ ನಾನು — ಪಿಕ್ಸೆಲ್ ಲೆಕ್ಕ ಬೇಡ, ಕಣ್ಣಿಗೆ ಎರಡು ಬೆರಳಗಲ, ಕೆಳಗಿನ ಬಾಕ್ಸ್ ಪಕ್ಕದ ಮೇಜಿನ ಸಂಕೇತನದು, ಅವನೂ ಮೇಲ್ಗಡೆ ಎರಡು ಬೆರಳು ಬಿಟ್ಟಿದ್ದಾನಂತೆ, ನಾಲ್ಕಿರಬೇಕಾದಲ್ಲಿ ಎರಡೇ ಇದೆ, ಮಿಕ್ಕಿದ್ದನ್ನು ಯಾರು ತಿಂದರು. ನಾನು ಮುಟ್ಟಿಲ್ಲ ಶೋಭಕ್ಕ, ನಿಮ್ಮ ಜಾಗ ತಗೊಂಡು ನಾನೇನು ಮನೆ ಕಟ್ಟಿಸ್ಲಾ, ಅಂತ ನಕ್ಕ, ನನಗೆ ತಂದ ಕಾಫಿ ಮೇಜಿನ ಮೇಲಿಟ್ಟು — ಕದ್ದವನೇ ಹಾಗೆ ನಗೋದು. ಗ್ಲೆಂಡೇಲಿನ ಕ್ಲೈಂಟಿಗೆ ಇವತ್ತೇ ತೋರಿಸಬೇಕು, ಇದು ಮುಗಿದರೆ ಕಡಲಾಚೆಯ ಕರ್ನಿ ಮೆಸಾದ ಈ ಆಫೀಸಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬರೇ ಉಳಿಯೋದು, ಅದು ಅವನಿಗೂ ಗೊತ್ತು. ಅದಕ್ಕೇ ಬೆಳಿಗ್ಗೆ ಮ್ಯಾನೇಜರ್ ಓಂಪ್ರಕಾಶ್ ಹತ್ತಿರ ಹೇಳಿಬಿಟ್ಟೆ, ಸಂಕೇತ್ ಬೇಕಂತಲೇ ನನ್ನ ಕೆಲಸ ಕೆಡಿಸ್ತಿದ್ದಾನೆ — ಗ್ಯಾರಂಟಿನಾ ಅಂದರು, ಗ್ಯಾರಂಟಿ ಅಂದೆ. ಅವನ ಫೈಲಿನಲ್ಲಿ ಎರಡು ಬೆರಳು ಬಿಟ್ಟದ್ದೇನೋ ಬರೆದೇ ಇದೆ, ಇರಲಿ, ಬೇರೆಲ್ಲೋ ಕೋಡಿನ ಒಂದು ಸಾಲು ಅಡಗಿಸಿ ಮೇಲಕ್ಕೆ ಎಳೆದಿರುತ್ತಾನೆ, ಬದು ಕಡಿಯೋರು ಹಾಡಹಗಲ ಕಡೀತಾರೇನ, ದೊಡ್ಡಪ್ಪ ದಾನಪ್ಪ ಹೇಳುತ್ತಿದ್ದದ್ದು ಇದನ್ನೇ, ಪಕ್ಕದ ಹೊಲದ ಸಿದ್ಧಲಿಂಗೇಶನ ಮೇಲೆ ಅವನಿಗೆ ಗುಮಾನಿ, ನಾ ಒಂದ್ ಮೊಳ ಬಿಟ್ಟೀನಿ, ಅವನೂ ಒಂದ್ ಮೊಳ ಬಿಟ್ಟೀನಿ ಅಂತಾನ, ಬದು ನೋಡಿದ್ರ ಒಂದ ಮೊಳ ಐತಿ — ಸಾಯುವ ತನಕ ಮಾತು ಬಿಟ್ಟಿದ್ದರು ಇಬ್ಬರೂ, ಅವನ ನೆಲಕ್ಕ ಕಾಲಿಡಬ್ಯಾಡ ನೀನೂ, ಅಂದಿದ್ದ, ಇಟ್ಟಿಲ್ಲ, ಇಲ್ಲಿಯೂ ಇಟ್ಟಿಲ್ಲ, ಸಂಕೇತನ ಬಾಕ್ಸಿನ ಮೇಲೆ ಮೌಸ್ ಇಟ್ಟೇ ಇಲ್ಲವಲ್ಲ ನಾನು —

ಇಟ್ಟೆ. ಕಿತ್ತಳೆ ಪಟ್ಟಿ. ಅವನ ಗೆರೆಯಿಂದ ಮೇಲಕ್ಕೆ, ನನ್ನ ಗೆರೆ ಮುಟ್ಟುವವರೆಗೆ, ಪೂರಾ ಎರಡು ಬೆರಳು, ಮತ್ತೆ ನನ್ನದರ ಮೇಲಿಟ್ಟೆ, ಅದೇ ಜಾಗ, ಅದೇ ಪಟ್ಟಿ — ಅವನದೂ ಇದೆ, ನನ್ನದೂ ಇದೆ, ಒಂದರ ಮೇಲೊಂದು ಮಲಗಿವೆ, ಒಂದರ ಕೆಳಗೊಂದು ಬಾಕ್ಸ್ ನಿಂತರೆ ಬ್ರೌಸರ್ ಎರಡರ ಮಾರ್ಜಿನ್ ಕೂಡಿಸುವುದಿಲ್ಲ, ಒಂದನ್ನೇ ಇಬ್ಬರಿಗೂ ಎಣಿಸುತ್ತದೆ, ಯಾರೂ ಏನೂ ತಿಂದಿಲ್ಲ, ದೊಡ್ಡಪ್ಪ, ಅದೊಂದೇ ಬದುವನ್ನು ನೀವಿಬ್ಬರೂ — ಸಂಕೇತ್, ಸ್ವಲ್ಪ ಒಳಗೆ ಬಾ, ಓಂಪ್ರಕಾಶರ ದನಿ, ಏಳುತ್ತಾನೆ, ವೀಸಾ ಈ ಕೆಲಸದ ಮೇಲೇ ನಿಂತಿರುವವನು, ಕಾಫಿ ಆರಿಹೋಗತ್ತೆ ಶೋಭಕ್ಕ ಕುಡೀರಿ, ಅನ್ನುತ್ತಾನೆ, ಅವನು ಕೆಡಿಸಿಲ್ಲ ಅಂತ ಈಗಲೇ ಹೇಳಬೇಕು, ಹೇಳಿದರೆ ಇಷ್ಟೂ ಗೊತ್ತಿಲ್ಲದವಳು ನಾನೇ ಅಂತಾಗುತ್ತದೆ, ಉಳಿಯುವವನು ಅವನಾಗುತ್ತಾನೆ — ಬಾಗಿಲು ಮುಚ್ಚಿತು — ಬೆರಳು ಮೌಸಿನ ಮೇಲೇ ಇದೆ, ಅವನದು, ನನ್ನದು, ಅವನದು, ಕಿತ್ತಳೆ ಪಟ್ಟಿ